ಓದುಗರ ಪ್ರಶ್ನೆ, ನಮ್ಮ ಉತ್ತರ: ಬೆಸುಗೆಯ ಬಿಸಿಗೆ ನಲುಗುವ ಬಿಡಿಭಾಗಗಳು

ಪ್ರಶ್ನೆ: 40 ಮೀಟರ್ ಬ್ಯಾಂಡಿನ ಹ್ಯಾಮ್ ರೇಡಿಯೊ ಕಿಟ್ ಒಂದನ್ನು ಮೊದಲ ಬಾರಿಗೆ ಜೋಡಿಸುತ್ತಿದ್ದೇನೆ. ಬಿಡಿಭಾಗಗಳು ಸುಟ್ಟುಹೋದಾವೆಂಬ ಭಯದಿಂದ 15 ವ್ಯಾಟಿನ ಸಣ್ಣ ಸೋಲ್ಡರಿಂಗ್ ಐರನ್ ಬಳಸಿದೆ. ಆದರೂ ಒಂದು ಜರ್ಮೇನಿಯಂ ಡಯೋಡ್ ಕೆಟ್ಟಿತು, ಒಂದು ಪಾಲಿಸ್ಟೈರೀನ್ ಕೆಪಾಸಿಟರ್ ಕರಗಿ ಸೊಟ್ಟಗಾಯಿತು. ಗ್ರೌಂಡಿಗೆ ಸೇರಿದ ಪ್ಯಾಡುಗಳ (ಬೋರ್ಡಿನ ಮೇಲಿನ ತಾಮ್ರದ ಬಿಲ್ಲೆಗಳ) ಮೇಲಂತೂ ಸೋಲ್ಡರ್ ಹರಡದೆ ಗುಂಡಾಗಿ ಕೂರುತ್ತದೆ. ಇನ್ನೂ ಕಡಿಮೆ ಬಿಸಿಯ ಐರನ್ ಕೊಳ್ಳಬೇಕೆ?

ಉತ್ತರ: ದಯವಿಟ್ಟು ಕೊಳ್ಳಬೇಡಿ. ನಿಮ್ಮ ಡಯೋಡನ್ನು ಕೆಡಿಸಿರುವುದು ಐರನ್ನಿನ ಹೆಚ್ಚು ಬಿಸಿಯಲ್ಲ, ಆ ಬಿಸಿ ಡಯೋಡಿನ ಕಾಲಿಗೆ ತಗುಲಿಕೊಂಡಿದ್ದ ಹೊತ್ತು. ದೀಪದ ಜ್ವಾಲೆಯ ಮೇಲೆ ಬೆರಳನ್ನು ಸರಕ್ಕನೆ ಹಾಯಿಸಿದರೆ ಸುಡುವುದಿಲ್ಲ. ಅದಕ್ಕಿಂತ ಎಷ್ಟೋ ತಣ್ಣಗಿರುವ ಬಿಸಿನೀರಿನ ಪಾತ್ರೆಯನ್ನು ಹಿಡಿದುಕೊಂಡೇ ನಿಂತರೆ ಬೊಬ್ಬೆ ಏಳುತ್ತದೆ. ತವರ 60, ಸೀಸ 40ರ ಪ್ರಮಾಣದ ಸಾಮಾನ್ಯ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗಿ 190ರ ಸುಮಾರಿಗೆ ಪೂರ್ತಿ ನೀರಾಗುತ್ತದೆ. ಸಣ್ಣ ಐರನ್ನಿನ ತುದಿ ಗ್ರೌಂಡಿನ ಅಗಲವಾದ ತಾಮ್ರವನ್ನು ಮುಟ್ಟಿದೊಡನೆ ತನ್ನ ಬಿಸಿಯನ್ನೆಲ್ಲ ಅದಕ್ಕೆ ಕೊಟ್ಟು ತಾನೇ ತಣಿಯುವುದರಿಂದ, ಪ್ಯಾಡು ಆ ಮಟ್ಟವನ್ನು ತಲುಪುವಷ್ಟರಲ್ಲಿ ಹತ್ತು ಹದಿನೈದು ಸೆಕೆಂಡು ಕಳೆದಿರುತ್ತದೆ, ಮತ್ತು ಅಷ್ಟು ಹೊತ್ತೂ ಬಿಸಿ ಕಾಲಿನ ಮೂಲಕ ಬಿಡಿಭಾಗದ ಒಡಲಿಗೆ ಏರುತ್ತಲೇ ಇರುತ್ತದೆ. ತುದಿಯನ್ನು 320ರಿಂದ 350 ಡಿಗ್ರಿಗೆ ಇಟ್ಟು, ಸೂಜಿಯಂತಹ ಮೊನೆಯ ಬದಲು ಉಳಿಯಂತೆ ಚಪ್ಪಟೆಯಾದ ಮೊನೆಯನ್ನು ಬಳಸಿದರೆ, ಅದೇ ಬೆಸುಗೆ ಎರಡು ಮೂರು ಸೆಕೆಂಡಿನಲ್ಲಿ ಮುಗಿಯುತ್ತದೆ. ಸೀಸವಿಲ್ಲದ ಸೋಲ್ಡರಾದರೆ ಅದು ಕರಗುವುದೇ 217 ಡಿಗ್ರಿಯ ಮೇಲೆ. ಆದ್ದರಿಂದ ಇನ್ನೂ ಸ್ವಲ್ಪ ಹೆಚ್ಚು ಬಿಸಿ ಬೇಕಾಗುತ್ತದೆ.

ಕೈಯ ಕ್ರಮವೂ ಮುಖ್ಯ. ಮೊನೆಯನ್ನು ಒದ್ದೆ ಸ್ಪಂಜಿನ ಮೇಲೆ ಒರೆಸಿ, ಅದಕ್ಕೆ ಚೂರೇ ಚೂರು ಸೋಲ್ಡರ್ ತಾಗಿಸಿ. ಆ ಪುಟ್ಟ ಹನಿಯೇ ಬಿಸಿಯನ್ನು ದಾಟಿಸುವ ಸೇತುವೆ. ಮೊನೆ ಪ್ಯಾಡನ್ನೂ ಕಾಲನ್ನೂ ಒಟ್ಟಿಗೆ ಮುಟ್ಟಬೇಕು. ಒಂದು ಎಣಿಸಿದ ಮೇಲೆ ಸೋಲ್ಡರ್ ತಂತಿಯನ್ನು ಐರನ್ನಿಗಲ್ಲ, ಅದರ ಎದುರು ಬದಿಯಿಂದ ಕಾಲಿಗೆ ತಾಗಿಸಿ. ಮೊದಲು ಮಂಕಾಗಿ ಮುದುಡಿಕೊಳ್ಳುವ ಲೋಹ, ಫ್ಲಕ್ಸ್ (ಲೋಹದ ಮೇಲಿನ ಕಿಲುಬನ್ನು ಕಳೆಯುವ ಪದಾರ್ಥ) ತನ್ನ ಕೆಲಸ ಮಾಡಿದ ಕ್ಷಣದಲ್ಲಿ ಕನ್ನಡಿಯಂತೆ ಹೊಳೆದು ಪ್ಯಾಡಿನ ಅಂಚಿನವರೆಗೂ ಹರಡಿ ಕಾಲನ್ನು ತುಸು ಏರುತ್ತದೆ. ಆಗ ಮೊದಲು ತಂತಿಯನ್ನು, ನಂತರ ಐರನ್ನನ್ನು ತೆಗೆಯಿರಿ. ಗಟ್ಟಿಯಾಗುವವರೆಗೆ ಕಾಲು ಅಲುಗಿದರೆ ಡ್ರೈ ಸೋಲ್ಡರ್ (ಕೂತಂತೆ ಕಂಡರೂ ಸರಿಯಾದ ಸಂಪರ್ಕವಿಲ್ಲದ ಬೆಸುಗೆ) ಆಗುವುದು ಖಂಡಿತ.

ಇನ್ನು ಜರ್ಮೇನಿಯಂ ಡಯೋಡಿಗೆ, ಕಾಲುಗಳನ್ನು ಬುಡದಲ್ಲೇ ಮಡಿಸದೆ ಐದಾರು ಮಿಲಿಮೀಟರ್ ಉದ್ದ ಬಿಟ್ಟು, ಒಡಲಿಗೂ ಬೋರ್ಡಿಗೂ ನಡುವಿನ ಜಾಗದಲ್ಲಿ ಲೋಹದ ಚಿಮಟ ಅಥವಾ ಕ್ರೊಕೊಡೈಲ್ ಕ್ಲಿಪ್ ಕಚ್ಚಿಸಿ. ಮೇಲೇರುವ ಬಿಸಿಯನ್ನು ಅದು ಹೀರಿಕೊಳ್ಳುತ್ತದೆ. ಬೆಸುಗೆ ಮುಗಿದ ತಕ್ಷಣ ಕ್ಲಿಪ್ಪನ್ನು ಕೀಳದೆ ಸ್ವಲ್ಪ ತಣಿಯಲು ಬಿಡಿ, ಎರಡನೆಯ ಕಾಲಿಗೆ ಕೈಹಾಕುವ ಮುನ್ನ ಒಂದು ನಿಮಿಷ ಕಾಯಿರಿ. ಪಾಲಿಸ್ಟೈರೀನ್ ಕೆಪಾಸಿಟರುಗಳು ಸಾಮಾನ್ಯವಾಗಿ 85 ಡಿಗ್ರಿಗಿಂತ ಹೆಚ್ಚಿನ ಬಿಸಿಯನ್ನು ತಾಳಲಾರವು. ಅವುಗಳಿಗೂ ಇದೇ ಉಪಚಾರ ಬೇಕು, ಮತ್ತು ಅವನ್ನು ಕೊನೆಗೆ ಕೂರಿಸುವುದು ಲೇಸು. ಇಲ್ಲವಾದರೆ ಪಕ್ಕದ ಭಾಗಕ್ಕೆ ಬೆಸುಗೆ ಹಾಕುವಾಗ ಐರನ್ನಿನ ಬದಿ ತಗುಲಿ ಕರಗುತ್ತವೆ. ಐಸಿಗೆ ಸಾಕೆಟ್ ಹಾಕಿದರೆ ಚಿಂತೆಯೇ ಇಲ್ಲ. ಸಾಕೆಟ್ ಇಲ್ಲದಿದ್ದರೆ ಒಂದು ಮೂಲೆಯ ಪಿನ್ ಆದ ಮೇಲೆ ಅದರ ಎದುರು ಮೂಲೆಯ ಪಿನ್, ಹೀಗೆ ದೂರ ದೂರದವನ್ನು ಸರದಿಯಲ್ಲಿ ಮುಗಿಸಿ.

ಪ್ರಶ್ನೆ: ಔಟ್‌ಪುಟ್ ಹಂತದ ಬಿಎಸ್170 ಮಾಸ್‌ಫೆಟ್‌ಗಳನ್ನು (ಒಂದು ಬಗೆಯ ಟ್ರಾನ್ಸಿಸ್ಟರುಗಳನ್ನು) ಬರಿಗೈಯಿಂದ ಮುಟ್ಟಬಾರದೆಂದು ಕಿಟ್ಟಿನ ಕೈಪಿಡಿಯಲ್ಲಿದೆ. ಇದು ಅತಿ ಎಚ್ಚರಿಕೆಯಲ್ಲವೆ?

ಉತ್ತರ: ಅಲ್ಲ. ಈ ಮಾಸ್‌ಫೆಟ್‌ನ ಗೇಟ್ ಮತ್ತು ಸೋರ್ಸ್ ಎಂಬ ಎರಡು ಕಾಲುಗಳ ನಡುವೆ 20 ವೋಲ್ಟಿಗಿಂತ ಹೆಚ್ಚು ಬೀಳಬಾರದು, ಏಕೆಂದರೆ ಅಲ್ಲಿರುವುದು ಅತ್ಯಂತ ತೆಳುವಾದ ಒಂದು ಆಕ್ಸೈಡ್ ಪದರ. ನಮ್ಮ ಬೆರಳಿಗೆ ಸ್ಥಿರವಿದ್ಯುತ್ತಿನ ಚುರುಕು ತಿಳಿಯುವುದೇ ಸುಮಾರು 3,000 ವೋಲ್ಟಿನಲ್ಲಿ. ಹಾಗಾಗಿ ನಿಮಗೆ ಏನೂ ಅನಿಸದಿದ್ದರೂ ಗೇಟು ತೂತಾಗಿರಬಹುದು. 1 ಮೆಗಾಓಮ್ ರೆಸಿಸ್ಟರ್ ಇರುವ ಮಣಿಕಟ್ಟಿನ ಪಟ್ಟಿಯನ್ನು ಅರ್ತಿಗೆ ಸೇರಿಸಿ ಧರಿಸಿ, ಅರ್ತ್ ಇರುವ ಮೂರು ಪಿನ್ನಿನ ಐರನ್ನನ್ನೇ ಬಳಸಿ. ಆ ರೆಸಿಸ್ಟರನ್ನು ತೆಗೆದು ನೇರ ತಂತಿ ಕಟ್ಟಿಕೊಳ್ಳಬೇಡಿ. ಅಕಸ್ಮಾತ್ತಾಗಿ ಮೇನ್ಸ್ ತಗುಲಿದಾಗ ನಿಮ್ಮ ಮೈಯಲ್ಲಿ ಹರಿಯುವ ಕರೆಂಟನ್ನು ಅಪಾಯದ ಮಟ್ಟಕ್ಕಿಂತ ಕೆಳಗೆ ಹಿಡಿದಿಡುವುದು ಅದೇ.

ಪ್ರಶ್ನೆ: ಬೆಸುಗೆಗಳೆಲ್ಲ ಹೊಳೆಯುತ್ತಿವೆ, ಆದರೂ ರಿಸೀವರಿನಲ್ಲಿ ಸದ್ದೇ ಇಲ್ಲ. ಎಲ್ಲಿಂದ ಹುಡುಕಲಿ?

ಉತ್ತರ: ಟೊರಾಯ್ಡ್ ಸುರುಳಿಗಳಿಂದ, ಅಂದರೆ ಬಳೆಯಾಕಾರದ ತಿರುಳಿಗೆ ತಂತಿ ಸುತ್ತಿದ ಸುರುಳಿಗಳಿಂದ. ನನ್ನ ಮೊದಲ ರಿಸೀವರು ಎರಡು ವಾರ ಮೂಕವಾಗಿದ್ದುದು ಇದೇ ಕಾರಣಕ್ಕೆ, ಮತ್ತು ಅಷ್ಟರಲ್ಲಿ ನಾನು ಏನೂ ತಪ್ಪಿಲ್ಲದ ಎರಡು ಟ್ರಾನ್ಸಿಸ್ಟರುಗಳನ್ನು ಕಿತ್ತು, ಒಂದು ಪ್ಯಾಡನ್ನೂ ಎಬ್ಬಿಸಿಬಿಟ್ಟಿದ್ದೆ. ಸುರುಳಿಯ ತಾಮ್ರದ ತಂತಿಗೆ ಎನಾಮಲ್ ಲೇಪ ಇರುತ್ತದೆ. ಅದು ಉಳಿದಿದ್ದರೆ ಸೋಲ್ಡರ್ ತಂತಿಯ ಸುತ್ತ ಚೆಂದವಾಗಿ ಕೂತರೂ ಒಳಗೆ ಸಂಪರ್ಕವೇ ಇರುವುದಿಲ್ಲ. ತುದಿಗಳನ್ನು ಸುತ್ತಲೂ ಬ್ಲೇಡಿನಿಂದ ಹೆರೆದು, ಬೋರ್ಡಿಗೆ ಇಳಿಸುವ ಮುನ್ನವೇ ಸೋಲ್ಡರ್ ಸವರಿ, ಲೋಹ ತಂತಿಯನ್ನು ಒಂದೇ ಸಮನಾಗಿ ಅಪ್ಪಿದೆಯೆ ಎಂದು ಭೂತಗನ್ನಡಿಯಲ್ಲಿ ನೋಡಿ. ಈಗಾಗಲೇ ಕೂರಿಸಿದ್ದರೆ ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ, ಕಡ್ಡಿಗಳನ್ನು ಸುರುಳಿಯ ತಂತಿಗಲ್ಲ, ಅದರ ಎರಡು ತುದಿಗಳು ಸೇರುವ ಬೋರ್ಡಿನ ಟ್ರ್ಯಾಕುಗಳಿಗೆ ಇಡಿ. ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ಹಾಗೆ ತೋರಿಸದ ಸುರುಳಿ ಸಿಕ್ಕಿದರೆ ಅದನ್ನು ಬಿಚ್ಚಿ ಹೆರೆಯಿರಿ. ಅಲ್ಲಿಯವರೆಗೆ ಬೇರೆ ಯಾವ ಭಾಗವನ್ನೂ ಕೀಳಬೇಡಿ.