ಸಿಂಧನೂರು–ಕೊಪ್ಪಳ ಎಕ್ಸ್‌ಸಿ: ಕಾಲುವೆ ಗೆರೆ ಬಿಡಿ, ಒಣ ಗೆರೆ ಹಿಡಿಯಿರಿ

ತಮ್ಮಾ, ನಿಮ್ಮ ಹ್ಯಾಂಗ್ ಗ್ಲೈಡಿಂಗ್ ಎಕ್ಸ್‌ಸಿ (ಊರಿಂದೂರಿಗೆ ದೂರ ಹಾರೋ) ಪ್ಲಾನ್ ಎರಡು ಸಲ ಓದಿದೆ. ಫೆಬ್ರುವರಿ ಕೊನೆಗೆ ನಾಲ್ಕು ಜನ ಗೆಳೆಯರು, ಸಿಂಧನೂರು ಹತ್ತಿರ ಟೋ (ಹಗ್ಗದಿಂದ ಎಳೆಸಿಕೊಂಡು ಮೇಲೇರೋದು), ಮೂಡಗಾಳಿ ಬೆನ್ನಿಗೆ ಹಾಕಿಕೊಂಡು ಕಾರಟಗಿ, ಗಂಗಾವತಿ ಮೇಲೆ ಕೊಪ್ಪಳ. ಕೆಳಗೆ ದೊಡ್ಡ ರಸ್ತೆ ಇದೆ, ಜೀಪು ಹಿಂದೆ ಬರೋದು ಸುಲಭ ಅಂತ ಈ ಗೆರೆ ಆರಿಸಿದ್ದೀರಿ. "ಬಯಲುಸೀಮೆ ಅಲ್ವಾ, ಎಲ್ಲಿ ಬೇಕಾದ್ರೂ ಇಳೀಬಹುದು" ಅಂತಲೂ ಬರೆದಿದ್ದೀರಿ. ದಯವಿಟ್ಟು ಬೇಡ. ನಮ್ಮ ಟೋಳಿ ಇದೇ ಕಾರಣಕ್ಕೆ ಇದೇ ಗೆರೆ ಹಿಡಿದಿತ್ತು. ಕಾರಟಗಿ ದಾಟೋದ್ರೊಳಗೆ ಎಲ್ಲರೂ ನೆಲದ ಮೇಲಿದ್ವಿ. ಗದ್ದೆಗೆ ಇಳಿದ ಗೆಳೆಯನೊಬ್ಬನ ಮೇಲ್ತೋಳಿನ ಮೂಳೆ ಮುರಿದಿತ್ತು.

ಆ ಪಟ್ಟಿ ಪೂರ್ತಿ ತುಂಗಭದ್ರಾ ಡ್ಯಾಮ್‌ನ ಎಡದಂಡೆ ಕಾಲುವೆಯ ಭತ್ತ. ಫೆಬ್ರುವರಿಯಲ್ಲಿ ಎರಡನೇ ಬೆಳೆ ನಿಂತಿರುತ್ತದೆ, ಬುಡದಲ್ಲಿ ನೀರು. ಬಿದ್ದ ಬಿಸಿಲೆಲ್ಲ ಆ ನೀರು ಆವಿಯಾಗೋದಕ್ಕೇ ಖರ್ಚಾಗುತ್ತದೆ, ನೆಲ ಕಾಯುವುದಿಲ್ಲ. ನೆಲ ಕಾಯದೆ ಥರ್ಮಲ್, ಅಂದ್ರೆ ನಮ್ಮನ್ನು ಮೇಲೆತ್ತೋ ಬಿಸಿಗಾಳಿ, ಎಲ್ಲಿಂದ ಬರಬೇಕು? ಪಕ್ಕದ ಒಣ ಹೊಲಗಳ ಮೇಲೆ ಏರಿದ ಗಾಳಿ ಇಲ್ಲಿ ನಿಧಾನವಾಗಿ ಇಳಿಯುತ್ತಾ ಇರುತ್ತದೆ. ವೇರಿಯೋ (ಏರಿಳಿತ ಹೇಳೋ ಯಂತ್ರ) ಕಿರುಚುವಂಥ ಸಿಂಕ್, ಅಂದ್ರೆ ಜೋರಾಗಿ ಇಳಿಯೋ ಗಾಳಿ, ಅಲ್ಲ ಅದು. ಬಿಡದೆ ಇಳಿಸುತ್ತಾ ಹೋಗುತ್ತದೆ, ಗೊತ್ತಾಗೋ ಹೊತ್ತಿಗೆ ಎತ್ತರ ಮುಗಿದಿರುತ್ತದೆ.

ಲೆಕ್ಕ ಹಾಕಿ ನೋಡಿ. ನಿಮ್ಮದು ಕಿಂಗ್‌ಪೋಸ್ಟ್ (ರೆಕ್ಕೆ ಮೇಲಿನ ಕಂಬ) ಇರೋ ಗ್ಲೈಡರ್. ಗಂಟೆಗೆ 50 ಕಿ.ಮೀ. ವೇಗದಲ್ಲಿ 10ಕ್ಕೆ 1 ಗ್ಲೈಡ್, ಅಂದ್ರೆ 10 ಮೀಟರ್ ಮುಂದೆ ಹೋಗೋದಕ್ಕೆ 1 ಮೀಟರ್ ಇಳಿಯೋದು, ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 1.4 ಮೀಟರ್ ಇಳಿಯುತ್ತೀರಿ. ಸುತ್ತಲಿನ ಗಾಳಿಯೇ 1.5 ಮೀಟರ್ ಇಳೀತಾ ಇದ್ರೆ ಒಟ್ಟು 2.9 ಆಯ್ತು. ಸಾವಿರ ಮೀಟರ್ ಎತ್ತರ ಕೈಯಲ್ಲಿದ್ದರೂ 5 ಕಿ.ಮೀ. ಹೋಗುವುದಿಲ್ಲ. ಬೆನ್ನಿಗೆ 15 ಕಿ.ಮೀ. ಗಾಳಿ ಸಿಕ್ಕರೆ 6ರ ಆಸುಪಾಸು. ಸಿಂಧನೂರಿನಿಂದ ಗಂಗಾವತಿಗೆ ನೇರ ಗೆರೆಯಲ್ಲೇ 40 ಕಿ.ಮೀ. ಮೇಲಿದೆ, ಬಹುಪಾಲು ಹಸಿರು. ಮೆಕ್‌ಕ್ರೆಡಿ ಅವರ ವೇಗದ ಸೂತ್ರದ ಪ್ರಕಾರ ಹಿಡಿಕೆಯ ಬಾರ್ ಎಳೆದು ಬೇಗ ದಾಟುತ್ತೇವೆ ಅನ್ನಬೇಡಿ. ಆ ಲೆಕ್ಕ ನಿಂತಿರೋದೇ ಮುಂದೆ ಒಂದು ಥರ್ಮಲ್ ಸಿಗುತ್ತೆ ಅನ್ನೋದರ ಮೇಲೆ.

ಡ್ಯಾಮ್‌ನಲ್ಲಿ ನೀರು ಕಡಿಮೆ ಇದ್ದು ಎರಡನೇ ಬೆಳೆಗೆ ಕಾಲುವೆ ಬಿಡದ ವರ್ಷ ಚಿತ್ರ ಬೇರೆ. ಆಗ ಅದೇ ಪಟ್ಟಿ ಒಣಗಿ ಥರ್ಮಲ್ ಕೊಡುತ್ತದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದಾಗಿನಿಂದ ನಮ್ಮ ಕಡೆ ಎಲ್ಲರೂ ಡ್ಯಾಮ್ ಸುದ್ದಿ ಬಿಡದೆ ಓದುತ್ತಾರೆ. ನೀವೂ ಹಾರಾಟದ ಲೆಕ್ಕಕ್ಕೆ ಓದಿ. ನೀರಾವರಿ ಸಲಹಾ ಸಮಿತಿ (ಐಸಿಸಿ) ಸಭೆಯಲ್ಲಿ ನೀರಿನ ಬಗ್ಗೆ ಏನು ತೀರ್ಮಾನ ಆಯ್ತು ಅನ್ನೋದು ಹವಾಮಾನದ ಆ್ಯಪ್‌ಗಿಂತ ಜಾಸ್ತಿ ಹೇಳುತ್ತದೆ.

ನಾವು ಈಗ ಹಾರೋ ಗೆರೆ ಮಸ್ಕಿ, ತಾವರಗೇರಾ, ಇರಕಲ್‌ಗಡ, ಕೊಪ್ಪಳ. ನೇರ ಅಂತರ ಸುಮಾರು 85 ಕಿ.ಮೀ., ನಿಮ್ಮ ಗೆರೆಗಿಂತ ಬಹಳ ಉದ್ದ ಏನಲ್ಲ. ಮೂಡಗಾಳಿ ಸ್ವಲ್ಪ ಬಡಗಣಕ್ಕೆ ತಿರುಗಿದ್ದರೆ ಸರಿಯಾಗಿ ಬೆನ್ನಿಗೆ ಬರುತ್ತದೆ. ಕಾಲುವೆಯ ಮೇಲುಗಡೆ ಇರೋ ಈ ಭಾಗ ಖುಷ್ಕಿ. ಎರೆ ಹೊಲ, ನಡುನಡುವೆ ಮಸಬು, ಬಂಡೆ ಗುಡ್ಡ. ಬಂಡೆ ಬೇಗ ಕಾಯುತ್ತದೆ, ಹನ್ನೊಂದೂವರೆಗೆಲ್ಲ ಅಲ್ಲಿಂದ ಥರ್ಮಲ್ ಶುರು. ಎರೆ ನಿಧಾನ, ಆದರೆ ಮಧ್ಯಾಹ್ನ ಎರಡರ ಮೇಲೆ ಅದರ ಥರ್ಮಲ್ ಅಗಲವಾಗಿ, ಸಮಾಧಾನವಾಗಿ ಸಿಗುತ್ತದೆ. ಮೋಡ ಇಲ್ಲದ ದಿನಗಳೇ ಹೆಚ್ಚು, ಹಾಗಾಗಿ ಹದ್ದು ನೋಡಿ. ರೆಕ್ಕೆ ಬಡಿಯದೆ ಸುತ್ತುತ್ತಾ ಇದ್ದರೆ ಮಾತ್ರ ಅತ್ತ ಹೋಗಿ. ಭತ್ತದ ಅಂಚು ಮುಟ್ಟಲೇಬೇಕಾಗಿ ಬಂದರೆ ಹಸಿರು ಮತ್ತು ಒಣ ನೆಲ ಕೂಡೋ ಗೆರೆಯ ಒಣ ಬದಿಯಲ್ಲೇ ಇರಿ. ಅಲ್ಲಿ ಒಮ್ಮೊಮ್ಮೆ ಚೆನ್ನಾಗಿ ಕಿತ್ತುಕೊಂಡು ಏಳುತ್ತದೆ.

ಇನ್ನು ಹಿಂದಿನ ದಿನ ಬೈಕ್ ಸುತ್ತಾಟ. ಇದನ್ನು ಬಿಟ್ಟು ನಮ್ಮಲ್ಲಿ ಯಾರೂ ಹಾರುವುದಿಲ್ಲ, ನೀವೂ ಬಿಡಬೇಡಿ. ಹಾರೋ ಹಿಂದಿನ ದಿನ ಇಬ್ಬರು ಬೈಕ್ ಮೇಲೆ ಪೂರ್ತಿ ಗೆರೆ ಸುತ್ತಬೇಕು. ಸ್ಯಾಟಲೈಟ್ ಚಿತ್ರ ನೋಡಿ ಹೊಲ ಗುರುತು ಮಾಡಿದ್ದೇವೆ ಅಂದ್ರೆ ನಾನು ಒಪ್ಪುವುದಿಲ್ಲ. ಅದು ಯಾವ ತಿಂಗಳ ಚಿತ್ರವೋ! ಮೇಲಿನಿಂದ ಕಂದು ಬಣ್ಣ ಕಂಡ ಹೊಲವೆಲ್ಲ ಇಳಿಯೋ ಹೊಲ ಅಲ್ಲ. ಕಡ್ಲಿ ಕಿತ್ತ ಹೊಲ ಎಲ್ಲಕ್ಕಿಂತ ಒಳ್ಳೇದು. ಗಿಡ ಬುಡಸಮೇತ ಹೋಗಿರುತ್ತದೆ, ನೆಲ ಸಪಾಟು. ಕುಂಟೆ ಹೊಡೆದದ್ದೂ ನಡೆಯುತ್ತದೆ. ಬಿಳಿಜೋಳದ ಕೂಳೆ ಪರವಾಗಿಲ್ಲ, ಸಾಲಿನ ಉದ್ದಕ್ಕೆ ಇಳಿದರೆ. ನೇಗಿಲು ಹೊಡೆದು ಹೆಂಟೆ ಎದ್ದ ಹೊಲದಲ್ಲಿ ಓಡೋದಕ್ಕೇ ಆಗುವುದಿಲ್ಲ. ತೊಗರಿ ಕೊಯ್ದ ಹೊಲಕ್ಕಂತೂ ಹೋಗಲೇಬೇಡಿ. ಕುಡಗೋಲಿನಿಂದ ಓರೆಯಾಗಿ ಕೊಯ್ದ ಕೂಳೆ ಗೇಣುದ್ದ ನಿಂತಿರುತ್ತದೆ, ತುದಿ ಈಟಿ ಇದ್ದ ಹಾಗೆ. ಬೂಟಿನ ಅಟ್ಟೆ ದಾಟಿ ಅಂಗಾಲಿಗೆ ಬಂದದ್ದನ್ನು ನಾನೇ ಇಕ್ಕಳ ಹಿಡಿದು ಕಿತ್ತಿದ್ದೇನೆ. 300 ಮೀಟರ್ ಮೇಲಿನಿಂದ ತೊಗರಿ ಹೊಲವೂ ಕಡ್ಲಿ ಹೊಲವೂ ಒಂದೇ ಥರ ಕಾಣುತ್ತವೆ.

ಹೊಲದೊಳಗೆ ಕಾಲಿಟ್ಟು ನೋಡಿ. ಎರೆ ಬಿರುಕು ಎಷ್ಟು ಅಗಲ ಇದೆ? ಹಿಮ್ಮಡಿ ಇಳಿಯುವಷ್ಟಿದ್ದರೆ ಆ ಹೊಲ ಬಿಡಿ, ಫ್ಲೇರ್ (ಇಳಿಯುವಾಗ ಮೂಗೆತ್ತಿ ವೇಗ ಮುರಿಯೋದು) ಆದ ಮೇಲಿನ ಎರಡು ಹೆಜ್ಜೆಗೇ ಕಣಕಾಲು ಹೋಗುತ್ತದೆ. ಬದುವಿನ ಮೇಲೆ ಬಳ್ಳಾರಿ ಜಾಲಿ ಇದೆಯಾ? ಅದರ ಮುಳ್ಳಿಗೆ ಡೇಕ್ರಾನ್ ಸೇಲ್ ಲೆಕ್ಕಕ್ಕೇ ಇಲ್ಲ. ಪಂಪ್‌ಸೆಟ್‌ಗೆ ಹೋಗೋ ತಂತಿ ಎತ್ತ ಇದೆ? ಮೇಲಿನಿಂದ ತಂತಿ ಕಾಣುವುದಿಲ್ಲ, ಕಂಬ ಕಾಣುತ್ತದೆ. ಎರಡು ಕಂಬ ಕಂಡರೆ ನಡುವೆ ತಂತಿ ಇದೆ ಅಂತಲೇ ಇಟ್ಟುಕೊಳ್ಳಿ. ಪ್ರತಿ 5 ಕಿ.ಮೀ.ಗೆ ಎರಡು ಹೊಲವಾದರೂ ಗುರುತು ಮಾಡಿ, ಜೀಪು ಓಡಿಸೋರ ಫೋನಿಗೂ ಹಾಕಿ. ಜೀಪು ಓಡಿಸೋರನ್ನೇ ಬೈಕ್ ಸುತ್ತಾಟಕ್ಕೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೇದು. ಯಾವ ಬಂಡಿ ದಾರಿಯಲ್ಲಿ ಜೀಪು ಹೋಗುತ್ತೆ, ಯಾವುದರಲ್ಲಿ ಹಳ್ಳ ಅಡ್ಡ ಬರುತ್ತೆ ಅಂತ ಆಗಲೇ ಗೊತ್ತಾಗುತ್ತದೆ. ದೊಡ್ಡ ರಸ್ತೆ ಇಲ್ಲ ಅನ್ನೋ ನಿಮ್ಮ ಚಿಂತೆ ಅಲ್ಲಿಗೆ ತೀರಿತು.

ಹೊಲದಲ್ಲಿ ಯಾರಾದ್ರೂ ಇದ್ದರೆ ಮಾತಾಡಿಸಿ. "ಯಜಮಾನ್ರೇ, ನಾಳೆ ಮಧ್ಯಾಹ್ನ ಇಲ್ಲಿ ಇಳಿದ್ರೂ ಇಳಿಬಹುದು, ಗಾಬರಿ ಆಗಬ್ಯಾಡ್ರಿ" ಅಂದ್ರೆ ಸಾಕು. ಮಾರನೇ ದಿನ ಹುಡುಗರು ಓಡಿ ಬಂದು ರೆಕ್ಕೆ ಎಳೆಯೋದನ್ನು ತಡೆಯೋರು ಅವರೇ. ಬೆಳೆ ಇದ್ದ ಹೊಲದಲ್ಲಿ ಇಳಿದು ನಷ್ಟ ಆದರೆ ಅಲ್ಲೇ ಹಣ ಕೊಟ್ಟು ಬನ್ನಿ. ಚೌಕಾಸಿ ಮಾಡಬೇಡಿ. ಒಬ್ಬರು ಕೊಡದೆ ಓಡಿಹೋದರೆ ಮುಂದಿನ ವರ್ಷ ಆ ಊರಿನಲ್ಲಿ ಯಾರನ್ನೂ ಇಳಿಯೋಕೆ ಬಿಡುವುದಿಲ್ಲ, ಬಿಡಲೂಬಾರದು.

"ನೂರು ಮೀಟರ್‌ಗೆ ಬಂದ ಮೇಲೆ ಹೊಲ ಹುಡುಕ್ತೀವಿ" ಅಂತ ನಿಮ್ಮಲ್ಲಿ ಒಬ್ಬರು ಬರೆದಿದ್ದು ಓದಿ ಸಿಟ್ಟು ಬಂತು. ಹೊಲ 300 ಮೀಟರ್‌ನಲ್ಲೇ ನಿಶ್ಚಯ ಆಗಬೇಕು. 150ಕ್ಕೆ ಬಂದ ಮೇಲೆ ಥರ್ಮಲ್ ಹುಡುಕಾಟ ನಿಲ್ಲಿಸಿ, ಏನೇ ಸಿಕ್ಕರೂ. ಮಧ್ಯಾಹ್ನ ಎರೆ ಹೊಲದ ಮೇಲೆ ಕೊನೇ 50 ಮೀಟರ್ ತುಂಬಾ ಕುಲುಕುತ್ತದೆ. ವೇಗ ಇಟ್ಟುಕೊಂಡೇ ಬನ್ನಿ, ನೆಲದ ಹತ್ತಿರ ವಿಂಗ್ ನಿಧಾನ ಮಾಡಿಕೊಂಡು ಕೂತರೆ ಒಂದು ಸುಳಿಗೆ ಒಂದು ಕಡೆಯ ರೆಕ್ಕೆ ಕುಸಿದುಬಿಡುತ್ತದೆ. ಗಾಳಿ ದಿಕ್ಕಿಗೆ ಹೊಲದ ಕಸ ಸುಡೋ ಹೊಗೆ ನೋಡಿ. ಗಿಣಿಗೇರಾ ಕಡೆ ಬಂದ ಮೇಲೆ ಕಾರ್ಖಾನೆ ಚಿಮಣಿಗಳೇ ಇವೆ. ಆದರೆ ಚಿಮಣಿ ಹೊಗೆ ಹೇಳೋದು ಮೇಲಿನ ಗಾಳಿ, ನೆಲದ ಮೇಲೆ ಬೇರೆ ಇರಬಹುದು. ಗದ್ದೆಗೇ ಇಳಿಯೋ ಗತಿ ಬಂದರೆ ತೆನೆಯ ತುದಿಯೇ ನೆಲ ಅಂತ ತಿಳಿದು ಅಲ್ಲೇ ಪೂರ್ತಿ ಫ್ಲೇರ್ ಮಾಡಿ. ನಮ್ಮ ಗೆಳೆಯನ ಬೇಸ್‌ಬಾರ್ (ಕೆಳಗಿನ ಅಡ್ಡ ಪೈಪ್) ಕೆಸರಿಗೆ ಕಚ್ಚಿಕೊಂಡಿತು, ಗ್ಲೈಡರ್‌ನ ಮೂಗು ನೆಲಕ್ಕೆ ಕುಟ್ಟಿತು, ಅವನು ಪಕ್ಕದ ಪೈಪ್, ಅಂದ್ರೆ ಅಪ್‌ರೈಟ್ ಬಿಡಲಿಲ್ಲ. ತೋಳು ಮುರಿಯೋದು ಹಾಗೇ. ಮೂಗು ಕುಟ್ಟುತ್ತೆ ಅನ್ನಿಸಿದ ಕ್ಷಣ ಕೈ ಬಿಟ್ಟುಬಿಡಿ, ಪೈಪ್ ಹೋದರೆ ಹೋಗಲಿ.

ಗೆಳೆಯರ ಜೊತೆ ಹಾರುವಾಗ ಒಂದು ಮಾತು ಟೋಗೆ ಮೊದಲೇ ಆಗಬೇಕು. ಮೇಲಿರೋರು ಕಾಯಬೇಕು. ನಾಲ್ಕನೆಯವರು 300 ಮೀಟರ್ ಕೆಳಗಿರುವಾಗ ಮೊದಲನೆಯವರು ಥರ್ಮಲ್ ಬಿಟ್ಟು ಹೊರಟರೆ ಅಲ್ಲಿಗೆ ಗುಂಪು ಮುರಿಯಿತು. ಆಮೇಲೆ ನಾಲ್ಕು ಜನ ನಾಲ್ಕು ಕಡೆ, ಜೀಪು ಒಂದು. ಹೊರಟ ಮೇಲೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗಬೇಡಿ, ಎಲ್ಲರೂ ಒಂದೇ ಸಿಂಕ್‌ನಲ್ಲಿ ಬೀಳುತ್ತೀರಿ. 150–200 ಮೀಟರ್ ಬಿಟ್ಟು ಅಕ್ಕಪಕ್ಕ ಹರಡಿಕೊಳ್ಳಿ. ನಾಲ್ವರಲ್ಲಿ ಒಬ್ಬರಿಗಾದರೂ ತಾಗುತ್ತದೆ. ಮೊದಲು ಹೊಕ್ಕವರು ಯಾವ ಕಡೆ ಸುತ್ತಿದರೋ ಉಳಿದವರೂ ಅದೇ ಕಡೆ. ಕೆಳಗಿನಿಂದ ಏರುತ್ತಾ ಬರೋರಿಗೆ ತಮ್ಮದೇ ರೆಕ್ಕೆ ಅಡ್ಡ, ಮೇಲೇನಿದೆ ಕಾಣುವುದಿಲ್ಲ. ದಾರಿ ಬಿಡಬೇಕಾದೋರು ಮೇಲಿರೋರೇ.

2012ರ ಜುಲೈ 3ರಂದು ಟೆಕ್ಸಸ್‌ನ ಝಪಾಟಾದಿಂದ ಡಸ್ಟಿನ್ ಮಾರ್ಟಿನ್ ಮತ್ತು ಜಾನಿ ಡ್ಯುರಾಂಡ್ ಹ್ಯಾಂಗ್ ಗ್ಲೈಡರ್‌ನಲ್ಲಿ ಹಾರಿದ್ದು ನೆನಪಿದೆಯಲ್ಲ? ಮಾರ್ಟಿನ್ 764 ಕಿ.ಮೀ., ಡ್ಯುರಾಂಡ್ 761. ದಿನವಿಡೀ ಹತ್ತಿರ ಹತ್ತಿರ ಹಾರಿದರು, ಒಬ್ಬರಿಗೆ ಸಿಕ್ಕ ಲಿಫ್ಟ್ ಇನ್ನೊಬ್ಬರಿಗೂ ಆಯ್ತು. ವಿಲ್ಸ್ ವಿಂಗ್ ಕಂಪನಿಯ ಗ್ಲೈಡರ್ ಒಳ್ಳೇದೋ ಮೋಯಸ್ ಕಂಪನಿಯದು ಒಳ್ಳೇದೋ ಅಂತ ನಿಮ್ಮ ಟೋಳಿಯಲ್ಲಿ ಜಗಳ ನಡೀತಿದೆ ಅಂದಿರಿ. ಮಾರ್ಟಿನ್ ಹಾರಿದ್ದು ವಿಲ್ಸ್ ವಿಂಗ್‌ನಲ್ಲಿ, ಡ್ಯುರಾಂಡ್ ಮೋಯಸ್‌ನಲ್ಲಿ. ಅಷ್ಟು ದೂರ ಹೋಗಿ ಉಳಿದ ವ್ಯತ್ಯಾಸ 3 ಕಿ.ಮೀ. ಜಗಳ ಬಿಟ್ಟು ನಾಲ್ವರೂ ಹೆಚ್ಚುಕಡಿಮೆ ಒಂದೇ ದರ್ಜೆಯ ಗ್ಲೈಡರ್ ತನ್ನಿ. ಒಬ್ಬರು ಟಾಪ್‌ಲೆಸ್ (ಕಿಂಗ್‌ಪೋಸ್ಟ್ ಇಲ್ಲದ ವೇಗದ ಗ್ಲೈಡರ್), ಒಬ್ಬರು ಕಲಿಯೋರ ಫಾಲ್ಕನ್ ಆದರೆ ಜೊತೆ ಹಾರೋದು ಆಗುವುದೇ ಇಲ್ಲ. ನನ್ನ ಕೇಳಿದರೆ ನಮ್ಮ ಸೀಮೆಯ ಸಣ್ಣ ಹೊಲಗಳಿಗೆ ಇವೆರಡರ ನಡುವಿನ ಸ್ಪೋರ್ಟ್ 2 ಥರದ್ದು ಸರಿ. ಟಾಪ್‌ಲೆಸ್‌ನ ಗ್ಲೈಡ್ ಚೆಂದ, ಆದರೆ ಬದುವಿನಿಂದ ಬದುವಿಗೆ ನೂರು ಮೀಟರ್ ಇರೋ ಹೊಲದಲ್ಲಿ ಅದು ನೆಲ ಮುಟ್ಟೋಕೆ ಒಪ್ಪದೆ ತೇಲುತ್ತಾ ಹೋಗುತ್ತದೆ.

ಗೆರೆಯ ಕೊನೆಯಲ್ಲಿ ಕೆಲವು ಕಡೆ ಎಚ್ಚರ. ಕುಷ್ಟಗಿ, ಯಲಬುರ್ಗಾ ಕಡೆ ಗಾಳಿಯಂತ್ರಗಳಿವೆ. ಹೊಸವುಗಳ ರೆಕ್ಕೆ ತುದಿ 150 ಮೀಟರ್ ದಾಟುತ್ತದೆ, ಅವುಗಳ ಹಿಂದೆ ಗಾಳಿ ಕಲಕಿಹೋಗಿರುತ್ತದೆ. ಗಾಳಿ ಯಂತ್ರ ದಾಟಿ ಹೋಗೋ ಬದಿಗೆ, ಅಂದ್ರೆ ಯಂತ್ರದ ಬೆನ್ನಿಗೆ, ಇಳಿಯಲೇಬೇಡಿ. ಗಿಣಿಗೇರಾ ಹತ್ತಿರ ಖಾಸಗಿ ಏರ್‌ಸ್ಟ್ರಿಪ್ ಇದೆ, ಮುನಿರಾಬಾದ್‌ನಲ್ಲಿ ಡ್ಯಾಮ್. ಎರಡರ ಮೇಲೂ ಹೋಗಬೇಡಿ. ಗಾಳಿ ತಿರುಗಿ ತೆಂಕಣಕ್ಕೆ ತಳ್ಳಿಕೊಂಡು ಹೋದರೆ ತೋರಣಗಲ್ಲು ವಿಮಾನ ನಿಲ್ದಾಣದ ಕಡೆಗಂತೂ ಹೋಗಲೇಬೇಡಿ, ಮೊದಲೇ ಇಳಿದುಬಿಡಿ. ಅನುಮತಿ ಪತ್ರ ಎಲ್ಲ ವಾರ ಮೊದಲೇ ಕೈಯಲ್ಲಿರಲಿ, ಪೊಲೀಸ್ ಠಾಣೆಗೂ ಒಂದು ಪ್ರತಿ ಕೊಡಿ. ಟೋ ಮಾತ್ರ ಸಾರ್ವಜನಿಕ ರಸ್ತೆಯಲ್ಲಿ ಬೇಡ. ಬತ್ತಿದ ಕೆರೆ ಅಂಗಳ ಹುಡುಕಿ. ಗ್ಲೈಡರ್ ಕಟ್ಟಿ ನಿಲ್ಲಿಸಿದ ಮೇಲೆ ಅದನ್ನು ಬಿಟ್ಟು ಚಹಾಕ್ಕೆ ಹೋಗಬೇಡಿ, ಒಂದು ದೂಳಿನ ಸುಳಿ ಬಂದರೆ ಎತ್ತಿ ಮಗುಚಿ ಹಾಕುತ್ತದೆ. ಒಬ್ಬರು ಗ್ಲೈಡರ್‌ನ ಮೂಗು ಹಿಡಿದೇ ಇರಬೇಕು. ಹ್ಯಾಂಗ್ ಚೆಕ್ (ಹಾರ್ನೆಸ್ ಗ್ಲೈಡರ್‌ಗೆ ಸಿಕ್ಕಿದೆಯಾ ಅಂತ ನೇತಾಡಿ ನೋಡೋದು) ಪ್ರತಿ ಸಲ, ಟೋ ಹಗ್ಗ ಸಿಕ್ಕಿಸೋ ಮೊದಲು, ಇನ್ನೊಬ್ಬರ ಕಣ್ಣ ಮುಂದೆ.

ನೀರು ತಲಾ 2 ಲೀಟರ್ ಹಾರ್ನೆಸ್‌ನಲ್ಲಿ ಇರಲಿ, ಟ್ಯೂಬ್ ಬಾಯಿಗೆ ಸಿಗೋ ಹಾಗೆ. ಬಾಯಿ ಒಣಗಿದ ಮೇಲೆ ತೀರ್ಮಾನ ತಪ್ಪುತ್ತವೆ, ಅದು ಮೂರನೇ ಗಂಟೆಯಲ್ಲಿ, ಇಳಿಯೋ ಹೊತ್ತಿಗೇ ಆಗುತ್ತದೆ.

ಕೊನೆಗೆ ವೇರಿಯೋ ಕೇಳಿದ್ರಲ್ಲ. ದುಬಾರಿಯದು ಈಗ ಬೇಡ. ಶಬ್ದ ಮಾಡೋ ಸಣ್ಣ ಬ್ಲೂಟೂತ್ ವೇರಿಯೋ, ಫೋನ್‌ನಲ್ಲಿ ಎಕ್ಸ್‌ಸಿಟ್ರ್ಯಾಕ್ ಅನ್ನೋ ಹಾರಾಟದ ಆ್ಯಪ್, ಅಷ್ಟು ಸಾಕು. ಬಿಸಿಲಿಗೆ ಫೋನ್ ಕಾದು ಬಂದ್ ಆಗುತ್ತದೆ, ಹಾಗಾಗಿ ಕಪ್ಪು ಕವರ್ ತೆಗೆದಿಡಿ. ಉಳಿದ ದುಡ್ಡಿನಲ್ಲಿ ನಾಲ್ವರ ರಿಸರ್ವ್ ಪ್ಯಾರಾಚೂಟ್ ಬಿಚ್ಚಿ ಒಣಗಿಸಿ ತಿಳಿದವರ ಕೈಯಲ್ಲಿ ಮತ್ತೆ ಮಡಿಸಿ ಕಟ್ಟಿಸಿ. ಕೊನೇ ಸಲ ಯಾವಾಗ ಕಟ್ಟಿಸಿದ್ದು ಅಂತ ನಾಲ್ವರೂ ಇಲ್ಲಿ ಬರೆಯಿರಿ. ವರ್ಷ ದಾಟಿದ್ದರೆ ಮತ್ತೆ ಕಟ್ಟಿಸೋವರೆಗೆ ಹಾರೋ ತಾರೀಖು ಮುಂದಕ್ಕೆ ಹಾಕಿ.