ಸಬ್ಯಾಟಿಕಲ್ ರಜೆ ಹಾಕಿದರೆ ಫಾರಿನ್‌ಗೇ ಹೋಗಬೇಕಾ?

ಪ್ರಶ್ನೆ: ನಾನು ಸಸ್ಯಶಾಸ್ತ್ರದ ಅಸೋಸಿಯೇಟ್ ಪ್ರೊಫೆಸರ್. ಈ ಹುದ್ದೆಗೆ ಬಂದು ಎಂಟು ವರ್ಷ ಆಯಿತು. ಪಾಠದಿಂದ ಬಿಡುವು ಪಡೆದು ಅಧ್ಯಯನ ಮಾಡಲು ಸಿಗುವ ಸಬ್ಯಾಟಿಕಲ್ ರಜೆ ಹಾಕಬೇಕು ಅಂತ ಆಸೆ. ಮನಸ್ಸಿನಲ್ಲಿ ಎರಡು ಕೆಲಸ ಇವೆ. ಒಂದು, ನಮ್ಮ ಜಿಲ್ಲೆಯ ದೇಸಿ ಭತ್ತದ ತಳಿಗಳ ಅಧ್ಯಯನ. ಇನ್ನೊಂದು, ಬಿಎಸ್ಸಿ ಮಕ್ಕಳಿಗೆ ಕನ್ನಡದಲ್ಲಿ ಪ್ರಾಕ್ಟಿಕಲ್ ಕೈಪಿಡಿ. ಜೊತೆಯವರು "ಫಾರಿನ್‌ಗೆ ಹೋಗೋದಾದ್ರೆ ಹಾಕಿ, ಇಲ್ಲೇ ಇದ್ದು ಏನ್ ಮಾಡ್ತೀರಿ" ಅನ್ನುತ್ತಾರೆ. ಏನು ಮಾಡಲಿ?
- ಓದುಗರು, ಮಂಡ್ಯ

ಉತ್ತರ: ಹಾಕಿ ಮೇಡಂ, ಖಂಡಿತ ಹಾಕಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ವಿದೇಶಕ್ಕೆ ಹೋಗಬೇಕು ಅನ್ನುವ ಷರತ್ತೇ ಇಲ್ಲ. ಅಧ್ಯಯನ, ಸಂಶೋಧನೆ ಅಥವಾ ಬೇರೆ ಶೈಕ್ಷಣಿಕ ಕೆಲಸಕ್ಕೆ ಈ ರಜೆ ಕೊಡಬಹುದು. ಅದರಿಂದ ಮೇಷ್ಟ್ರ ವಿದ್ಯೆ ಬೆಳೆಯಬೇಕು, ವಿಶ್ವವಿದ್ಯಾಲಯಕ್ಕೆ ಉಪಯೋಗ ಆಗಬೇಕು, ಅಷ್ಟೇ. ಕೈಪಿಡಿಯೂ ಶೈಕ್ಷಣಿಕ ಕೆಲಸವೇ ಅಲ್ವಾ?

ನಿಯಮ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಸೋಸಿಯೇಟ್ ಪ್ರೊಫೆಸರ್ ಅಥವಾ ಪ್ರೊಫೆಸರ್ ಆಗಿ 7 ವರ್ಷ ಆಗಿರಬೇಕು. ಒಂದು ಸಲಕ್ಕೆ 1 ವರ್ಷ, ಇಡೀ ಸೇವೆಯಲ್ಲಿ 2 ವರ್ಷ ಮೀರುವ ಹಾಗಿಲ್ಲ. ಪೂರ್ತಿ ಸಂಬಳ ಬರುತ್ತದೆ, ಇನ್‌ಕ್ರಿಮೆಂಟ್ ನಿಲ್ಲುವುದಿಲ್ಲ, ರಜೆ ಮುಗಿಸಿ ವಾಪಸ್ ಸೇರಿದರೆ ಪಿಂಚಣಿಗೂ ಆ ಅವಧಿ ಲೆಕ್ಕಕ್ಕೆ ಬರುತ್ತದೆ. ಬೇರೆ ಕಡೆ ಕಾಯಂ ಕೆಲಸಕ್ಕೆ ಸೇರುವಂತಿಲ್ಲ. ಫೆಲೋಶಿಪ್ ತಗೊಳ್ಳಬಹುದು, ಆದರೆ ಆಗ ಸಂಬಳ ಕಡಿಮೆ ಮಾಡುವ ಅಧಿಕಾರ ವಿಶ್ವವಿದ್ಯಾಲಯಕ್ಕಿದೆ. ಹಿಂದೆ ಸ್ಟಡಿ ಲೀವ್ ಹಾಕಿದ್ದರೆ, ವಾಪಸ್ ಬಂದು 5 ವರ್ಷ ಕಳೆದಿರಬೇಕು. ನಿಮ್ಮ ವಿಶ್ವವಿದ್ಯಾಲಯದ ಪರಿನಿಯಮದಲ್ಲಿ ಇದೆಲ್ಲ ಹೇಗಿದೆ ಅಂತ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್‌ನಲ್ಲಿ ಮೊದಲೇ ಕೇಳಿಕೊಳ್ಳಿ.

ಈಗ ಮುಖ್ಯ ವಿಷಯ. ಎರಡು ಕೆಲಸ ಅಂದಿರಿ. ನನ್ನ ಕಣ್ಣಿಗೆ ಅದು ಒಂದೇ ಕೆಲಸ. ಸಂಶೋಧನೆ ಒಂದು ಕಡೆ, ಪಾಠ ಇನ್ನೊಂದು ಕಡೆ ಅಂತ ಅರ್ಜಿ ಬರೆದರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ. ಭತ್ತವನ್ನೇ ಕೈಪಿಡಿಯ ಒಳಗೆ ತನ್ನಿ. ಕೋಶ ವಿಭಜನೆಗೆ ಎಲ್ಲ ಕಡೆ ಈರುಳ್ಳಿ ಬೇರನ್ನೇ ತೋರಿಸುತ್ತಾರೆ. ಅದರ ಪಕ್ಕದಲ್ಲೇ ಭತ್ತದ ಬೇರಿನ ತುದಿಯನ್ನೂ ಇಡಬಹುದು, ಈರುಳ್ಳಿಯಲ್ಲಿ 16 ಕ್ರೋಮೋಸೋಮು, ಭತ್ತದಲ್ಲಿ 24, ಈರುಳ್ಳಿಯಷ್ಟು ದೊಡ್ಡದಾಗಿ ಕಾಣುವುದಿಲ್ಲ, ಯಾಕೆ ಅಂತ ಮಕ್ಕಳೇ ಕೇಳುತ್ತಾರೆ. ಎಲೆ ಉಸಿರಾಡುವ ಸಣ್ಣ ರಂಧ್ರ, ಅಂದರೆ ಪತ್ರರಂಧ್ರ ತಗೊಳ್ಳಿ. ಭತ್ತದಲ್ಲಿ ಅದರ ಕಾವಲು ಕೋಶಗಳು ಹುರುಳಿಕಾಯಿ ಬೀಜದ ಆಕಾರದಲ್ಲಿ ಇರುವುದಿಲ್ಲ, ಡಂಬಲ್ ಆಕಾರದಲ್ಲಿ ಇರುತ್ತವೆ. ಮಂಡ್ಯದ ಹುಡುಗಿಗೆ ತನ್ನ ಮನೆ ಗದ್ದೆಯ ಎಲೆಯನ್ನೇ ಸೂಕ್ಷ್ಮದರ್ಶಕದಲ್ಲಿ ನೋಡುವ ಅವಕಾಶ ಸಿಗಬೇಕು. ನಮ್ಮ ಮಕ್ಕಳು ಪಾಠ ಕೇಳುವುದು ಕನ್ನಡದಲ್ಲಿ, ರೆಕಾರ್ಡ್ ಬರೆಯುವುದು ಇಂಗ್ಲಿಷಿನಲ್ಲಿ, ನಡುವೆ ಅರ್ಥವೇ ಆಗದೆ ಉರು ಹೊಡೆಯುತ್ತಾರೆ. ಅದನ್ನು ನೋಡಿದಾಗ ನನಗೆ ತುಂಬಾ ಬೇಜಾರಾಗುತ್ತದೆ. ಒಂದು ಒಳ್ಳೆ ಕೈಪಿಡಿ ಬಂದರೆ ಎಷ್ಟೋ ಮಕ್ಕಳ ದಾರಿ ಸಲೀಸಾಗುತ್ತದೆ. ಪೇಪರ್ ಪ್ರಕಟ ಆದರೆ ಮಾತ್ರ ಸಾಧನೆ ಅನ್ನುವವರ ಮಾತಿಗೆ ಸೊಪ್ಪು ಹಾಕಬೇಡಿ.

ರಜೆ ಯಾವಾಗ ಶುರು ಮಾಡಬೇಕು ಅನ್ನುವುದನ್ನು ಸೆಮಿಸ್ಟರ್ ನೋಡಿ ತೀರ್ಮಾನಿಸಬೇಡಿ, ಬೆಳೆ ನೋಡಿ ತೀರ್ಮಾನಿಸಿ. ಜೂನ್‌ನಲ್ಲಿ ಶುರು ಮಾಡಿದರೆ ಒಟ್ಲು ಹಾಕುವುದರಿಂದ ಒಕ್ಕಣೆವರೆಗೆ ಮುಂಗಾರು ಬೆಳೆ ಪೂರ್ತಿ ಸಿಗುತ್ತದೆ. ಜನವರಿಯಲ್ಲಿ ಶುರು ಮಾಡಿದರೆ ಮುಖ್ಯ ಬೆಳೆ ಕೈಗೆ ಬರುವ ಹೊತ್ತಿಗೆ ರಜೆಯೇ ಮುಗಿಯುತ್ತಾ ಬಂದಿರುತ್ತದೆ. ನಾಲೆಗೆ ನೀರು ತಡವಾಗಿ ಬಿಡಬಹುದು, ಕಟ್ಟು ನೀರು ಅಂತ ಸರದಿ ಮೇಲೆ ಬಿಡಬಹುದು. ಹಾಗಾಗಿ ಯೋಜನೆಯಲ್ಲಿ ತಿಂಗಳುಗಳನ್ನು ಸ್ವಲ್ಪ ಸಡಿಲವಾಗಿ ಇಡಿ. ಹೂ ಬಿಡುವ ಸಮಯದಲ್ಲಿ ಮಾತ್ರ ಗದ್ದೆಯಲ್ಲೇ ಇರಬೇಕು. ಭತ್ತದ ಹೂ ಬೆಳಗಿನ ಹೊತ್ತು ಸ್ವಲ್ಪ ಕಾಲವಷ್ಟೇ ತೆರೆದಿರುತ್ತದೆ, ಹನ್ನೊಂದಕ್ಕೆ ಕ್ಲಾಸ್ ಇಟ್ಟುಕೊಂಡವರಿಗೆ ಅದು ಸಿಗುವುದಿಲ್ಲ. ಈ ರಜೆ ಬೇಕಾಗಿರುವುದೇ ಅದಕ್ಕೆ. ಕೊಯ್ಲು ಮುಗಿದ ಮೇಲಿನ ತಿಂಗಳುಗಳು ಬರವಣಿಗೆಗೆ.

ಅರ್ಜಿ ಜೊತೆ ಏನು ಮಾಡುತ್ತೀರಿ ಅನ್ನುವ ಯೋಜನೆ ಕೊಡಲೇಬೇಕು, ಮುಗಿದ ಮೇಲೆ ವರದಿಯನ್ನೂ ಕೊಡಬೇಕು. ಯೋಜನೆಗೆ ತೂಕ ಬರಬೇಕಾದರೆ ಎಲ್ಲಿ ಕೂತು ಮಾಡುತ್ತೀರಿ ಅಂತ ಬರೆಯಿರಿ. ನಿಮಗೆ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರ ಪಕ್ಕದಲ್ಲೇ ಇದೆ, ಅಲ್ಲಿಂದ ಒಪ್ಪಿಗೆ ಪತ್ರ ಕೇಳಿ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿ ಉಳಿಸಿಕೊಂಡು ಬಂದಿದ್ದಾರೆ, ರೈತರಿಂದ ಕಲಿಯಲು ಹೋಗುತ್ತೇನೆ ಅಂತ ಧೈರ್ಯವಾಗಿ ಬರೆಯಿರಿ. ಕೈಪಿಡಿಯ ಪಾರಿಭಾಷಿಕ ಪದಗಳಿಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ಇದೆ. 1969ರಿಂದ ಇರುವ ಸಂಸ್ಥೆ ಅದು, ರಾಷ್ಟ್ರೀಯ ಅನುವಾದ ಮಿಷನ್ ನಡೆಯುವುದೂ ಅಲ್ಲಿಂದಲೇ. ಪ್ರಯೋಗಗಳನ್ನು ವಿಡಿಯೋ ಮಾಡಬೇಕು ಅನಿಸಿದರೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದಲ್ಲಿ ಶೈಕ್ಷಣಿಕ ವಿಡಿಯೋ ಮಾಡುವ ಕೇಂದ್ರ ಇಎಂಆರ್‌ಸಿ ಇದೆ, ಅಲ್ಲಿ ವಿಚಾರಿಸಿ.

ಊರಲ್ಲೇ ಉಳಿಯುವವರಿಗೆ ಒಂದು ಅಪಾಯ ಇದೆ. "ಇಲ್ಲೇ ಇದ್ದೀರಲ್ಲ ಮೇಡಂ, ನ್ಯಾಕ್ (ಕಾಲೇಜುಗಳಿಗೆ ದರ್ಜೆ ಕೊಡುವ ಸಂಸ್ಥೆ) ಫೈಲ್ ಒಂದು ನೋಡಿ, ವ್ಯಾಲ್ಯುಯೇಷನ್‌ಗೆ ಒಂದೆರಡು ದಿನ ಬನ್ನಿ" ಅಂತ ಫೋನ್ ಬರುತ್ತಲೇ ಇರುತ್ತದೆ. ಕಮಿಟಿಗಳಿಂದ ಬಿಡುಗಡೆ ಆದದ್ದನ್ನು ಬರಹದಲ್ಲಿ ಪಡೆಯಿರಿ. ಡಿಪಾರ್ಟ್‌ಮೆಂಟಿನ ಕುರ್ಚಿಯಲ್ಲಿ ಕೂರಲೇಬೇಡಿ. ಹಾಗೆಯೇ, ನಿಮ್ಮ ಕ್ಲಾಸ್ ತಗೊಳ್ಳುವ ಅತಿಥಿ ಉಪನ್ಯಾಸಕರಿಗೆ ನೋಟ್ಸು, ಸ್ಲೈಡು ಎಲ್ಲ ಕೊಟ್ಟು ಹೋಗಿ. ಕಡಿಮೆ ದುಡ್ಡಿಗೆ ಜಾಸ್ತಿ ಭಾರ ಹೊರುವವರು ಅವರು.

ಪ್ರಶ್ನೆ: ಅಸಿಸ್ಟೆಂಟ್ ಪ್ರೊಫೆಸರ್ ಆಗಿ ನಾಲ್ಕು ವರ್ಷ. ನನಗೂ ಸಬ್ಯಾಟಿಕಲ್ ಸಿಗುತ್ತಾ ಸರ್?
- ಓದುಗರು, ಮೈಸೂರು

ಉತ್ತರ: ಸದ್ಯಕ್ಕೆ ಇಲ್ಲ. ನಿಮಗೆ ಇರುವುದು ಸ್ಟಡಿ ಲೀವ್. ಅದಕ್ಕೆ 3 ವರ್ಷದ ಸೇವೆ ಸಾಕು. ಆದರೆ ವಾಪಸ್ ಬಂದು ಕನಿಷ್ಠ 3 ವರ್ಷ ಕೆಲಸ ಮಾಡುತ್ತೇನೆ ಅಂತ ಬಾಂಡ್ ಬರೆದುಕೊಡಬೇಕು. ಪಿಎಚ್‌ಡಿ ಬಾಕಿ ಇದ್ದರೆ ಮೊದಲು ಅದನ್ನು ಮುಗಿಸಿ.

ಪ್ರಶ್ನೆ: ನಮ್ಮ ಗೈಡ್ ಒಂದು ವರ್ಷ ಸಬ್ಯಾಟಿಕಲ್ ಮೇಲೆ ಹೋಗುತ್ತಿದ್ದಾರೆ. ನನ್ನ ಪಿಎಚ್‌ಡಿ ಗತಿ ಏನು?
- ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ಹೆದರಬೇಡಮ್ಮ. ರಜೆ ಇದ್ದರೂ ಗೈಡ್ ಗೈಡೇ. ಆದರೆ ಸುಮ್ನೆ ಕಾಯುತ್ತಾ ಕೂರಬೇಡ. ಅವರು ಹೊರಡುವ ಮುಂಚೆ ಒಂದು ದಿನ ಕೂತು ಮಾತಾಡು. ಯಾವ ವಾರ, ಯಾವ ಹೊತ್ತಿಗೆ ವಿಡಿಯೋ ಕಾಲ್, ಅಧ್ಯಾಯ ಕಳಿಸಿದರೆ ಎಷ್ಟು ದಿನಕ್ಕೆ ನೋಡಿ ಕೊಡುತ್ತಾರೆ, ಫೆಲೋಶಿಪ್ ಬಿಲ್ಲಿಗೆ ಸಹಿ ಯಾರದ್ದು, ಎಲ್ಲ ಇತ್ಯರ್ಥ ಆಗಲಿ. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿ ಮುಂದೆ ಪ್ರಗತಿ ತೋರಿಸಬೇಕಲ್ಲ, ಆ ದಿನ ಗೈಡ್ ಆನ್‌ಲೈನ್‌ನಲ್ಲಿ ಇರುತ್ತಾರಾ ಅಂತಲೂ ಕೇಳಿಕೋ. ಸಹಿಗೆ ಅಂತ ಡಿಪಾರ್ಟ್‌ಮೆಂಟ್‌ನಲ್ಲಿ ಒಬ್ಬರನ್ನು ನೇಮಿಸಿ ಹೋಗಲು ಹೇಳು. ಈ ಮಾತುಕತೆಯ ಸಾರಾಂಶವನ್ನು ಅವರಿಗೇ ಒಂದು ಇಮೇಲ್ ಹಾಕಿ, ವಿಭಾಗದ ಮುಖ್ಯಸ್ಥರಿಗೂ ಪ್ರತಿ ಕಳಿಸು.