ಮ್ಯೂಸ್ಕಾದೆ ಸಿಹಿ ವೈನ್ ಅಲ್ಲ

ಫ್ರಾನ್ಸಿಂದ ಬಂದ ಮ್ಯೂಸ್ಕಾದೆ ಬಾಟಲಿಯನ್ನು ಕೇಕ್ ಜೊತೆ ತೆಗೆಯಲಾ, ಮೀನಿನ ಜೊತೆ ತೆಗೆಯಲಾ ಅಂತ ಕೇಳಿದ್ದೀರಿ. ಕೇಕ್ ಜೊತೆ ಮಾತ್ರ ಬೇಡ. ಹೆಸರು ಕೇಳಿ, ಸಿಹಿ ವೈನ್‌ಗೆ ಬಳಸುವ ಮಸ್ಕಟ್ ದ್ರಾಕ್ಷಿ ಅಂದುಕೊಂಡಿರಬೇಕು ಅಲ್ವಾ? ನಾನೂ ಹಾಗೇ ಮೋಸಹೋಗಿ ಮೊದಲ ಗುಟುಕಿಗೇ ಮುಖ ಹಿಂಡಿದ್ದೆ. ಇದು ಮೆಲೋನ್ ಅನ್ನೋ ಬೇರೆ ದ್ರಾಕ್ಷಿ, ಲ್ವಾರ್ ನದಿ ಸಮುದ್ರ ಸೇರುವ ಕಡೆ, ನಾಂತ್ ಊರಿನ ಸುತ್ತಮುತ್ತ ಬೆಳೆಯುತ್ತಾರೆ. ಸಿಹಿ ಇಲ್ಲ, ತೆಳು, ನಿಂಬೆಹಣ್ಣಿನ ಥರ ಹುಳಿ.

ಲೇಬಲ್ ಮೇಲೆ ‘ಸ್ಯೂರ್ ಲೀ’ ಅಂತ ಇದ್ದರೆ ಇನ್ನೂ ಒಳ್ಳೇದು. ತಳದಲ್ಲಿ ಕೂತ ಯೀಸ್ಟ್ ಗಷ್ಟನ್ನು ತೆಗೆಯದೆ ಚಳಿಗಾಲ ಪೂರ್ತಿ ಅದರ ಮೇಲೇ ವೈನನ್ನು ಬಿಟ್ಟು, ಆಮೇಲೆ ಬಾಟಲಿಗೆ ತುಂಬಿರುತ್ತಾರೆ. ಹಾಗಾಗಿ ಹುಳಿಯ ಹಿಂದೆಯೇ ಸ್ವಲ್ಪ ಬ್ರೆಡ್ಡಿನ ರುಚಿ ಬರುತ್ತದೆ, ಕೆಲವು ಸಲ ನಾಲಿಗೆ ತುದಿಗೆ ಚುರ್ ಅಂತ ಸಣ್ಣ ಗುಳ್ಳೆ ಕೂಡ.

ಅಲ್ಲಿಯವರು ಇದನ್ನು ಹಸಿ ಆಯ್ಸ್ಟರ್ ಅನ್ನೋ ಸಮುದ್ರದ ಚಿಪ್ಪಿನ ಜೊತೆ ಕುಡಿಯುತ್ತಾರೆ, ಚಿಪ್ಪಿನೊಳಗಿನ ಆ ಉಪ್ಪುಪ್ಪು ನೀರಿಗೆ ಈ ಹುಳಿ ಸರಿಯಾಗಿ ಕೂರುತ್ತದೆ. ಈರುಳ್ಳಿ ಹಾಕಿ ಬೇಯಿಸಿದ ಮಸಲ್ಸ್ (ಇನ್ನೊಂದು ಥರದ ಚಿಪ್ಪು) ಕೂಡ ಆಗುತ್ತದೆ. ನಿಮಗೆ ಸಿಗೋದು ಅಂದರೆ ಸಿಗಡಿ, ಬೆಣ್ಣೆಯಲ್ಲಿ ಹುರಿದ ಮೀನು. ಬರೀ ಉಪ್ಪು, ಕಾಳುಮೆಣಸು ಸಾಕು. ಖಾರದ ಗಸಿ ಮಾಡಿದರೆ ವೈನ್ ಸುಮ್ನೆ ನೀರಾಗಿಬಿಡುತ್ತದೆ. ಫ್ರಿಜ್ಜಿಂದ ತೆಗೆದು ಹತ್ತು ನಿಮಿಷ ಬಿಟ್ಟು ಸುರಿಯಿರಿ.